ದೆಹಲಿ–ಆಗ್ರಾ ಕುಟುಂಬ ಪ್ರವಾಸ: ಪದೇ ಪದೇ ಕೇಳುವ ಪ್ರಶ್ನೆಗಳು

ಅಜ್ಜ-ಅಜ್ಜಿ, ಅಪ್ಪ-ಅಮ್ಮ, ಶಾಲೆಗೆ ಹೋಗುವ ಇಬ್ಬರು ಮಕ್ಕಳು. ಕೆಳಗಿನ ಉತ್ತರಗಳನ್ನು ಇಂಥ ಆರು ಜನರನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆದಿದೆ. ಟಿಕೆಟ್ ದರ, ತೆರೆಯುವ ಸಮಯ ಆಗಾಗ ಬದಲಾಗುತ್ತವೆ, ಹೊರಡುವ ವಾರ ಇನ್ನೊಮ್ಮೆ ನೋಡಿಕೊಳ್ಳಿ.

ಎಷ್ಟು ದಿನ ಇಟ್ಟುಕೊಳ್ಳಬೇಕು?

ಪ್ರಯಾಣದ ದಿನಗಳನ್ನು ಬಿಟ್ಟು ಐದು ದಿನ. ಆಗ್ರಾಕ್ಕೆ ಒಂದೂವರೆ, ಉಳಿದದ್ದು ದೆಹಲಿಗೆ. ಮೂರು ದಿನದಲ್ಲಿ ಎಲ್ಲ ಮುಗಿಸುವ ಪ್ಯಾಕೇಜುಗಳು ಸಿಗುತ್ತವೆ. ಅವುಗಳಲ್ಲಿ ದಿನಕ್ಕೆ ಆರೇಳು ಜಾಗ ಬರೆದಿರುತ್ತಾರೆ, ಅರ್ಧಕ್ಕರ್ಧ ಜಾಗವನ್ನು ಬಸ್ಸಿನ ಕಿಟಕಿಯಿಂದ ತೋರಿಸುತ್ತಾರೆ. ಕೆಂಪುಕೋಟೆ ಒಂದಕ್ಕೇ ಎರಡೂವರೆ ಗಂಟೆ ಬೇಕು, ಒಳಗೆ ಸುತ್ತಾಡಿದರೆ ಎರಡು ಕಿಲೋಮೀಟರ್ ನಡಿಗೆ ಆಗಿಯೇ ಆಗುತ್ತದೆ. ವಯಸ್ಸಾದವರಿರುವ ಮನೆಯವರಿಗೆ ಬೆಳಗ್ಗೆ ಒಂದು ದೊಡ್ಡ ಜಾಗ, ಮಧ್ಯಾಹ್ನ ಊಟ ಮಾಡಿ ರೂಮಿನಲ್ಲಿ ಎರಡು ಗಂಟೆ ಮಲಗುವುದು, ಸಂಜೆ ಒಂದು ಹಗುರ ಜಾಗ, ಇಷ್ಟೇ ಸರಿಯಾದ ಲೆಕ್ಕ. ಇದನ್ನು ಮೀರಿದರೆ ಮೂರನೇ ದಿನ ಯಾರಾದರೂ ಒಬ್ಬರು ಹಾಸಿಗೆ ಹಿಡಿಯುತ್ತಾರೆ, ಅವರಿಗೋಸ್ಕರ ಇನ್ನೊಬ್ಬರೂ ರೂಮಿನಲ್ಲೇ ಉಳಿಯಬೇಕಾಗುತ್ತದೆ.

ವಾರದ ಯಾವ ದಿನ ತಲುಪಿದರೆ ಒಳ್ಳೆಯದು?

ದೆಹಲಿ ಪ್ರವಾಸ ಕೆಡುವುದು ಹೆಚ್ಚಾಗಿ ಇಲ್ಲೇ. ಟಿಕೆಟ್ ಮಾಡುವ ಮೊದಲು ವಾರದ ಎರಡು ದಿನಗಳನ್ನು ನೆನಪಿಡಿ, ಶುಕ್ರವಾರ ಮತ್ತು ಸೋಮವಾರ.

ಶುಕ್ರವಾರ ತಾಜ್ ಮಹಲ್ ಪ್ರವಾಸಿಗರಿಗೆ ತೆರೆಯುವುದಿಲ್ಲ, ಆವರಣದ ಮಸೀದಿಯ ಮಧ್ಯಾಹ್ನದ ನಮಾಜಿಗೆ ಮಾತ್ರ ಬಾಗಿಲು. ದೆಹಲಿಯ ಮೃಗಾಲಯಕ್ಕೂ ಅಂದೇ ರಜೆ.

ಸೋಮವಾರ ಇನ್ನೂ ದೊಡ್ಡ ಪಟ್ಟಿ: ಕೆಂಪುಕೋಟೆ, ಅಕ್ಷರಧಾಮ, ಕಮಲ ಮಂದಿರ, ರಾಷ್ಟ್ರೀಯ ವಸ್ತುಸಂಗ್ರಹಾಲಯ, ರೈಲು ಮ್ಯೂಸಿಯಂ, ಪ್ರಧಾನಮಂತ್ರಿ ಸಂಗ್ರಹಾಲಯ, ಗಾಂಧಿ ಸ್ಮೃತಿ, ರಾಷ್ಟ್ರಪತಿ ಭವನ ಎಲ್ಲವೂ ಮುಚ್ಚಿರುತ್ತವೆ. ಭಾನುವಾರ ರಾತ್ರಿ ಇಳಿದು ಸೋಮವಾರ ಬೆಳಗ್ಗೆ ಮಕ್ಕಳನ್ನು ಕರೆದುಕೊಂಡು ಕೆಂಪುಕೋಟೆಯ ಮುಂದೆ ನಿಂತರೆ ಹೊರಗಿನಿಂದ ಫೋಟೊ ತೆಗೆದುಕೊಂಡು ಬರಬೇಕು, ಅಷ್ಟೆ.

ಹಾಗಂತ ಸೋಮವಾರ ದಂಡವಲ್ಲ. ಕುತುಬ್ ಮಿನಾರ್, ಹುಮಾಯೂನನ ಸಮಾಧಿ, ಪುರಾನಾ ಕಿಲಾ, ಜಂತರ್ ಮಂತರ್, ಇಂಡಿಯಾ ಗೇಟ್, ರಾಷ್ಟ್ರೀಯ ಯುದ್ಧ ಸ್ಮಾರಕ, ಬಂಗ್ಲಾ ಸಾಹಿಬ್ ಗುರುದ್ವಾರ ಅಂದೂ ತೆರೆದಿರುತ್ತವೆ. ಆದ್ದರಿಂದ ಸೋಮವಾರವನ್ನು ಕುತುಬ್ ಮತ್ತು ಹುಮಾಯೂನನ ಸಮಾಧಿಗೆ ಮೀಸಲಿಡಿ. ಇದೊಂದನ್ನು ಮಾಡಿದರೆ ಉಳಿದ ವೇಳಾಪಟ್ಟಿ ತಾನಾಗಿ ಕೂಡಿಬರುತ್ತದೆ.

ವಾರದ ರಜೆಯಲ್ಲದೆ ಇನ್ನೂ ಎರಡು ಅಡ್ಡಿಗಳಿವೆ. ಜನವರಿ ಕೊನೆಯಲ್ಲಿ ಗಣರಾಜ್ಯೋತ್ಸವದ ತಾಲೀಮು, ಆಗಸ್ಟ್ ಮೊದಲ ಪಕ್ಷದಲ್ಲಿ ಸ್ವಾತಂತ್ರ್ಯೋತ್ಸವದ ತಯಾರಿ. ಆ ದಿನಗಳಲ್ಲಿ ಕೆಂಪುಕೋಟೆ ಮುಚ್ಚುತ್ತದೆ, ಕರ್ತವ್ಯ ಪಥದ ಸುತ್ತ ರಸ್ತೆಗಳಿಗೆ ಅಡ್ಡಗಟ್ಟೆ ಬೀಳುತ್ತದೆ.

ಯಾವ ರಜೆಯಲ್ಲಿ ಹೋಗುವುದು, ದಸರಾನಾ, ಬೇಸಿಗೆನಾ, ಕ್ರಿಸ್‌ಮಸ್ಸಾ?

ಅನುಮಾನವೇ ಬೇಡ, ದಸರಾ ರಜೆ. ಅಕ್ಟೋಬರಿನಲ್ಲಿ ಮಳೆ ನಿಂತಿರುತ್ತದೆ, ಸೆಕೆ ಇಳಿದಿರುತ್ತದೆ, ಹೊಗೆಮಂಜು ಇನ್ನೂ ದಟ್ಟವಾಗಿರುವುದಿಲ್ಲ. ದೀಪಾವಳಿ ಕಳೆದ ಮೇಲೆ ನವೆಂಬರ್ ಪೂರ್ತಿ ಗಾಳಿ ತೀರ ಕೆಟ್ಟಿರುತ್ತದೆ. ಮನೆಯಲ್ಲಿ ಆಸ್ತಮಾ, ಉಬ್ಬಸ ಇರುವವರಿದ್ದರೆ ಆಗ ಹೋಗಲೇಬೇಡಿ.

ಬೇಸಿಗೆ ರಜೆಗೇ ಹೋಗಬೇಕಾದರೆ ಏಪ್ರಿಲ್ ಎರಡನೇ ವಾರದೊಳಗೆ ಹೋಗಿ ಬನ್ನಿ. ಮೇ ತಿಂಗಳಲ್ಲಿ ಬಿಸಿಲು 45 ಡಿಗ್ರಿ ಮುಟ್ಟುತ್ತದೆ. ತಾಜ್‌ನ ಜಗುಲಿಯ ಅಮೃತಶಿಲೆ ಮಧ್ಯಾಹ್ನ ಬರಿಗಾಲಿಗೆ ಕಾದ ಹೆಂಚಿನಂತೆ ತಾಗುತ್ತದೆ.

ಡಿಸೆಂಬರ್ ಕೊನೆಯಿಂದ ಜನವರಿ ಮಧ್ಯದವರೆಗೆ ಮಂಜಿನ ಕಾಟ. ರೈಲುಗಳು ಗಂಟೆಗಟ್ಟಲೆ ತಡ, ಬೆಳಗಿನ ವಿಮಾನಗಳೂ ತಡ. ಸೂರ್ಯೋದಯಕ್ಕೆ ತಾಜ್ ನೋಡಲು ಹೋದವರಿಗೆ ಎದುರಿಗೆ ಬಿಳಿ ಪರದೆ ಬಿಟ್ಟು ಬೇರೇನೂ ಕಾಣದಿರಬಹುದು. ಆ ಕಾಲದಲ್ಲಿ ತಾಜ್‌ಗೆ ಹನ್ನೊಂದು ಗಂಟೆಯ ಮೇಲೆ ಹೋಗಿ. ಬೆಂಗಳೂರಿನ ಸ್ವೆಟರ್ ಅಲ್ಲಿನ ಚಳಿಗೆ ಸಾಲದು, ಮಕ್ಕಳಿಗೆ ಒಳಗೊಂದು ಥರ್ಮಲ್, ಕಿವಿ ಮುಚ್ಚುವ ಟೋಪಿ, ಕಾಲುಚೀಲ ಬೇಕೇ ಬೇಕು.

ರೈಲಾ, ವಿಮಾನವಾ?

ಮಕ್ಕಳಿಗೆ ಒಮ್ಮೆಯಾದರೂ ರೈಲಿನಲ್ಲಿ ಈ ದೇಶದ ಉದ್ದ ತೋರಿಸಬೇಕು. ಆದರೆ ಎರಡು ರಾತ್ರಿ ರೈಲಿನಲ್ಲಿ ಕಳೆಯುವ ತ್ರಾಣ ಹಿರಿಯರಿಗಿದೆಯೇ ಎಂದು ಮೊದಲು ಕೇಳಿ. ಹೋಗುವಾಗ ರೈಲು, ಬರುವಾಗ ವಿಮಾನ ಎಂಬುದು ಬಹಳ ಮನೆಗಳಿಗೆ ಹೊಂದುತ್ತದೆ, ವಾಪಸ್ ಬರುವಾಗ ಎಲ್ಲರೂ ಸುಸ್ತಾಗಿರುತ್ತಾರೆ.

ಬೆಂಗಳೂರಿನಿಂದ ಕರ್ನಾಟಕ ಎಕ್ಸ್‌ಪ್ರೆಸ್ ಸಂಜೆ ಹೊರಟು ರಾಯಚೂರು, ಯಾದಗಿರಿ, ಕಲಬುರಗಿ, ಸೊಲ್ಲಾಪುರ, ಭೋಪಾಲ್, ಆಗ್ರಾ ಮೇಲೆ ಮೂರನೇ ದಿನ ಬೆಳಗ್ಗೆ ನವದೆಹಲಿ ಮುಟ್ಟುತ್ತದೆ. ಕಲ್ಯಾಣ ಕರ್ನಾಟಕದವರಿಗೆ ಇದೇ ಅನುಕೂಲ. ರಾಜಧಾನಿ ಎಕ್ಸ್‌ಪ್ರೆಸ್ ಸುಮಾರು 33 ಗಂಟೆಯಲ್ಲಿ ಹಜರತ್ ನಿಜಾಮುದ್ದೀನ್ ತಲುಪಿಸುತ್ತದೆ. ಬೆಳಗಾವಿ ಕಡೆಯವರಿಗೆ ಗೋವಾ ಎಕ್ಸ್‌ಪ್ರೆಸ್, ಮಂಗಳೂರು-ಉಡುಪಿಯವರಿಗೆ ಮಂಗಳಾ ಲಕ್ಷದ್ವೀಪ ಎಕ್ಸ್‌ಪ್ರೆಸ್ ಇವೆ. ಇವೆರಡೂ ನಿಲ್ಲುವುದು ನಿಜಾಮುದ್ದೀನ್‌ನಲ್ಲಿ, ನವದೆಹಲಿಯಲ್ಲಿ ಅಲ್ಲ. ಹೋಟೆಲ್ ಹುಡುಕುವಾಗ ಇದು ನೆನಪಿರಲಿ.

ಕಾಯ್ದಿರಿಸುವಿಕೆ 60 ದಿನ ಮುಂಚೆ ಬೆಳಗ್ಗೆ 8 ಗಂಟೆಗೆ ತೆರೆಯುತ್ತದೆ. ಐಆರ್‌ಸಿಟಿಸಿ ಖಾತೆಗೆ ಆಧಾರ್ ಜೋಡಣೆಯನ್ನು ಮೊದಲೇ ಮುಗಿಸಿಡಿ, ಹಬ್ಬದ ರಜೆಯ ಟಿಕೆಟ್ ನಿಮಿಷಗಳಲ್ಲಿ ಖಾಲಿಯಾಗುತ್ತದೆ.

ಆರು ಜನರಿಗೆ ಒಂದೇ ಟಿಕೆಟ್ ಮಾಡಿದರೂ ಅಜ್ಜಿಗೆ ಮೇಲಿನ ಬರ್ತ್ ಬಂತು. ಯಾಕೆ?

ಒಂದೇ ಟಿಕೆಟ್ ಮಾಡಿದ್ದಕ್ಕೇ ಹಾಗಾಯಿತು. ಕೆಳಗಿನ ಬರ್ತಿನ ಹಿರಿಯರ ಕೋಟಾ 60 ದಾಟಿದ ಗಂಡಸರಿಗೆ, 45 ದಾಟಿದ ಹೆಂಗಸರಿಗೆ ಇದೆ. ಆದರೆ ಒಂದು ಟಿಕೆಟ್ಟಿನಲ್ಲಿ ಅಂಥವರು ಒಬ್ಬರೋ ಇಬ್ಬರೋ ಮಾತ್ರ ಇದ್ದಾಗಷ್ಟೇ ಅದು ಅನ್ವಯಿಸುತ್ತದೆ. ಸಣ್ಣವರನ್ನು ಸೇರಿಸಿದ ಕೂಡಲೇ ಕೋಟಾ ತಪ್ಪಿಹೋಗುತ್ತದೆ. ಅಜ್ಜ-ಅಜ್ಜಿಗೆ ಆ ಕೋಟಾದಲ್ಲಿ ಪ್ರತ್ಯೇಕ ಟಿಕೆಟ್ ಮಾಡಿ, ಉಳಿದ ನಾಲ್ವರಿಗೆ ಇನ್ನೊಂದು. ಬೋಗಿ ಬೇರೆಯಾದರೂ ಚಿಂತೆಯಿಲ್ಲ. ಒಳಗೆ ಹೋದ ಮೇಲೆ ಸೀಟು ಅದಲುಬದಲು ಮಾಡಿಕೊಳ್ಳಲು ಕೆಳಗಿನ ಬರ್ತ್ ಕೈಯಲ್ಲಿದ್ದರೆ ಯಾರೂ ಬೇಡ ಎನ್ನುವುದಿಲ್ಲ.

ಐದು ವರ್ಷದೊಳಗಿನ ಮಗುವಿಗೆ ಬರ್ತ್ ಬೇಡವೆಂದರೆ ಟಿಕೆಟ್ ಇಲ್ಲ. ಐದರಿಂದ ಹನ್ನೆರಡರವರೆಗೆ ಬರ್ತ್ ಬೇಡವೆಂದರೆ ಅರ್ಧ, ಬೇಕೆಂದರೆ ಪೂರ್ತಿ ದರ. ಎರಡು ರಾತ್ರಿಯ ಪ್ರಯಾಣ, ಪೂರ್ತಿ ದರ ಕೊಟ್ಟುಬಿಡಿ.

ಮೊದಲು ಆಗ್ರಾದಲ್ಲೇ ಇಳಿದುಬಿಟ್ಟರೆ?

ರೈಲಿನಲ್ಲಿ ಹೋಗುವವರಿಗೆ ಇದಕ್ಕಿಂತ ಒಳ್ಳೆಯ ದಾರಿಯಿಲ್ಲ. ದೆಹಲಿ ರೈಲುಗಳು ಆಗ್ರಾ ಕ್ಯಾಂಟ್ ಮೇಲೆಯೇ ಹೋಗುವಾಗ ದೆಹಲಿಗೆ ಹೋಗಿ ಮತ್ತೆ ಇನ್ನೂರು ಕಿಲೋಮೀಟರ್ ಹಿಂದಕ್ಕೆ ಬರುವುದೇಕೆ? ಕರ್ನಾಟಕ ಎಕ್ಸ್‌ಪ್ರೆಸ್ ಬೆಳಗಿನ ಜಾವ ಆಗ್ರಾ ಮುಟ್ಟುತ್ತದೆ. ಆದರೆ ಇಳಿದವರೇ ನೇರ ತಾಜ್‌ಗೆ ಓಡಬೇಡಿ. ಎರಡು ರಾತ್ರಿ ರೈಲಿನಲ್ಲಿದ್ದವರಿಗೆ ಮೊದಲು ಬೇಕಾದದ್ದು ಬಿಸಿನೀರ ಸ್ನಾನ. ಬೆಳಗ್ಗೆಯೇ ರೂಮ್ ಕೊಡುತ್ತೀರಾ ಎಂದು ಹೋಟೆಲಿಗೆ ಮುಂಚೆಯೇ ಫೋನ್ ಮಾಡಿ ಕೇಳಿ, ಬೇಕಾದರೆ ಅರ್ಧ ದಿನದ ಬಾಡಿಗೆ ಹೆಚ್ಚಿಗೆ ಕೊಡಿ. ಅಂದು ಮಧ್ಯಾಹ್ನದ ಮೇಲೆ ಆಗ್ರಾ ಕೋಟೆ, ಸಂಜೆ ಯಮುನೆಯ ಆಚೆ ದಡದ ಮೆಹತಾಬ್ ಬಾಗ್. ಮರುದಿನ ಬೆಳ್ಳಂಬೆಳಗ್ಗೆ ತಾಜ್. ಸಂಜೆ ರೈಲಿನಲ್ಲಿ ದೆಹಲಿ.

ಆಗ್ರಾದಿಂದ ದೆಹಲಿಗೆ ಸಂಜೆಯ ಗತಿಮಾನ್ ಎಕ್ಸ್‌ಪ್ರೆಸ್ ಒಂದೂಮುಕ್ಕಾಲು ಗಂಟೆಯೊಳಗೆ ನಿಜಾಮುದ್ದೀನ್ ತಲುಪಿಸುತ್ತದೆ. ಗಂಟೆಗೆ 160 ಕಿಲೋಮೀಟರ್ ವೇಗ, ಮಕ್ಕಳಿಗೆ ಇದೇ ಒಂದು ಸಂಭ್ರಮ. ಶುಕ್ರವಾರ ಮಾತ್ರ ಇಲ್ಲ.

ದೆಹಲಿಯಿಂದ ಒಂದೇ ದಿನದಲ್ಲಿ ಕಾರಿನಲ್ಲಿ ಹೋಗಿಬರುವವರು ಯಮುನಾ ಎಕ್ಸ್‌ಪ್ರೆಸ್‌ವೇ ಹಿಡಿದರೂ ಒಂದು ಕಡೆಗೆ ಮೂರೂವರೆ, ನಾಲ್ಕು ಗಂಟೆ ಲೆಕ್ಕ ಹಾಕಿ. ಉತ್ತರ ಪ್ರದೇಶದ ತೆರಿಗೆ, ಟೋಲ್, ಪಾರ್ಕಿಂಗ್ ಯಾರದ್ದು ಎಂದು ಹೊರಡುವ ಮೊದಲೇ ಬಾಯಿಬಿಟ್ಟು ಕೇಳಿಕೊಳ್ಳಿ. ವಾಪಸ್ ಬಂದ ಮೇಲೆ ಜಗಳ ಬರುವುದು ಇದೇ ಮೂರಕ್ಕೆ.

ತಾಜ್ ಮಹಲ್ ಟಿಕೆಟ್ ಹೇಗೆ? ಎರಡು ಬೆಲೆ ಯಾಕೆ?

ಭಾರತೀಯರಿಗೆ ಆವರಣಕ್ಕೆ 50 ರೂಪಾಯಿ. ಜಗುಲಿ ಹತ್ತಿ ಸಮಾಧಿಯ ಒಳಗೆ ಹೋಗಬೇಕೆಂದರೆ ಇನ್ನೂ 200. ಹದಿನೈದು ವರ್ಷದೊಳಗಿನವರಿಗೆ ಉಚಿತ, ಆದರೆ ಎತ್ತರ ಬೆಳೆದ ಮಕ್ಕಳಿದ್ದರೆ ಆಧಾರ್ ಪ್ರತಿ ಜೊತೆಗಿರಲಿ. ನಾಲ್ವರು ದೊಡ್ಡವರಿಗೆ ಒಟ್ಟು 1000 ರೂಪಾಯಿ. ಅಷ್ಟು ದೂರ ಬಂದು 200 ಉಳಿಸುವುದು ಬೇಡ. ಬಳ್ಳಿ-ಹೂವಿನ ಕೆತ್ತನೆಯ ಅಮೃತಶಿಲೆಯ ಜಾಲಂದ್ರವಿರುವುದು ಒಳಗೇ.

ಟಿಕೆಟನ್ನು ಪುರಾತತ್ವ ಸರ್ವೇಕ್ಷಣಾ ಇಲಾಖೆಯ ಅಧಿಕೃತ ತಾಣದಲ್ಲೇ ತೆಗೆದುಕೊಳ್ಳಿ. ಗೂಗಲ್‌ನಲ್ಲಿ ಹುಡುಕಿದಾಗ ಮೇಲೆ ಬರುವ ಜಾಹೀರಾತುಗಳು ಮಧ್ಯವರ್ತಿಗಳವು, ಅದೇ ಟಿಕೆಟ್ಟಿಗೆ ಹೆಚ್ಚು ಕೀಳುತ್ತಾರೆ. ಊರು, ಸ್ಮಾರಕ, ದಿನ, ಹೊತ್ತು ಆರಿಸಿ, ಪ್ರತಿಯೊಬ್ಬರ ಹೆಸರು ಮತ್ತು ಗುರುತಿನ ಚೀಟಿಯ ಸಂಖ್ಯೆ ತುಂಬಬೇಕು. ಸಮಾಧಿಯ ಒಳಗಿನ 200ರ ಆಯ್ಕೆಯನ್ನು ಗುರುತು ಮಾಡಲು ಬಹಳ ಜನ ಮರೆಯುತ್ತಾರೆ. ಕ್ಯೂಆರ್ ಕೋಡನ್ನು ಫೋನಿನಲ್ಲಿ ಚಿತ್ರವಾಗಿ ಉಳಿಸಿಡಿ, ಗೇಟಿನ ಬಳಿ ನೆಟ್‌ವರ್ಕ್ ಕೈಕೊಡಬಹುದು. ಟಿಕೆಟ್ ಒಳಗೆ ಹೋದ ಮೇಲೆ ಮೂರು ಗಂಟೆಗೆ ಮಾತ್ರ.

ತೆರೆಯುವುದು ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲು. ಪೂರ್ವ, ಪಶ್ಚಿಮ ಎರಡು ಗೇಟುಗಳಿಂದ ಪ್ರವೇಶ. ಪೆಟ್ರೋಲ್, ಡೀಸೆಲ್ ಗಾಡಿಗಳನ್ನು ಗೇಟಿನವರೆಗೆ ಬಿಡುವುದಿಲ್ಲ. ಪೂರ್ವದ ಕಡೆ ಶಿಲ್ಪಗ್ರಾಮದ ಪಾರ್ಕಿಂಗ್‌ನಿಂದ ಬ್ಯಾಟರಿ ಗಾಡಿ ಇರುತ್ತದೆ, ಹಿರಿಯರನ್ನು ಅದರಲ್ಲೇ ಕರೆದೊಯ್ಯಿರಿ.

ಸಾಲು ನಿಧಾನವಾಗುವುದು ಭದ್ರತಾ ತಪಾಸಣೆಯಲ್ಲಿ, ಅದಕ್ಕೆ ಕಾರಣ ಚೀಲ. ತಿಂಡಿ, ಚಾಕಲೇಟ್, ಅಡಿಕೆ-ತಂಬಾಕು, ಬೆಂಕಿಪೊಟ್ಟಣ, ಚಾಕು-ಕತ್ತರಿ, ಟ್ರೈಪಾಡ್, ದೊಡ್ಡ ಬ್ಯಾಗು ಯಾವುದೂ ಒಳಗೆ ಹೋಗದು. ನೀರಿನ ಬಾಟಲಿ ಹೋಗುತ್ತದೆ. ಅಜ್ಜಿಯ ಎಲೆ-ಅಡಿಕೆ ಚೀಲವನ್ನು ರೂಮಿನಲ್ಲೇ ಬಿಡಿಸಿ. ಒಬ್ಬರ ಚೀಲ ಸಿಕ್ಕಿಬಿದ್ದರೆ ಆರೂ ಜನ ಲಾಕರ್ ಹುಡುಕಿಕೊಂಡು ವಾಪಸ್ ಹೋಗಬೇಕಾಗುತ್ತದೆ.

ಒಳಗೆ ಮಕ್ಕಳಿಗೆ ಏನು ತೋರಿಸಬೇಕು? ಬಿಳಿ ಗುಮ್ಮಟ ನೋಡಿ ಐದು ನಿಮಿಷಕ್ಕೆ ಸಾಕು ಎನ್ನುತ್ತಾರೆ.

ದೂರದಿಂದ ನೋಡಿದರೆ ಹಾಗೇ. ಹತ್ತಿರ ಹೋಗಿ ತೋರಿಸಿ.

ದೊಡ್ಡ ಬಾಗಿಲಿನ ಸುತ್ತ ಕಪ್ಪು ಅಕ್ಷರಗಳ ಪಟ್ಟಿಯಿದೆ. ಕೆಳಗಿನ ಅಕ್ಷರ, ಮೇಲಿನ ಅಕ್ಷರ ಒಂದೇ ಗಾತ್ರ ಅನಿಸುತ್ತದೆ. ನಿಜಕ್ಕೂ ಮೇಲೆ ಹೋದಂತೆ ಅಕ್ಷರ ದೊಡ್ಡದಾಗುತ್ತದೆ, ನೆಲದಲ್ಲಿ ನಿಂತವರ ಕಣ್ಣಿಗೆ ಸಮ ಕಾಣಲೆಂದು. ನಾಲ್ಕು ಮಿನಾರುಗಳು ತುಸು ಹೊರಕ್ಕೆ ವಾಲಿವೆ, ಭೂಕಂಪದಲ್ಲಿ ಬಿದ್ದರೂ ಗುಮ್ಮಟದ ಮೇಲೆ ಬೀಳದಂತೆ ಎಂದು ಕಾರಣ ಹೇಳುತ್ತಾರೆ.

ಗೋಡೆಯ ಹೂವುಗಳಿಗೆ ಬಣ್ಣ ಬಳಿದಿಲ್ಲ. ಅಮೃತಶಿಲೆಯನ್ನು ಹೂವಿನ ಆಕಾರಕ್ಕೆ ಕೊರೆದು, ಆ ಕುಳಿಯೊಳಗೆ ಬಣ್ಣದ ಕಲ್ಲಿನ ಚೂರುಗಳನ್ನು ಕೂರಿಸಿ ಉಜ್ಜಿದ್ದು. ಆಗ್ರಾದ ಕುಶಲಕರ್ಮಿಗಳು ಇದನ್ನು ಪಚ್ಚೀಕಾರಿ ಎನ್ನುತ್ತಾರೆ. ಒಂದೇ ಹೂವಿನಲ್ಲಿ ಹತ್ತಾರು ಚೂರು. ಬೆರಳಿನಿಂದ ಸವರಿದರೂ ಜೋಡಣೆ ಸಿಗದಷ್ಟು ನುಣುಪು. ಕೆಂಪು ಕಾರ್ನೀಲಿಯನ್ ಕಲ್ಲಿನ ದಳದ ಮೇಲೆ ಬೆಳಕು ಬಿದ್ದರೆ ಅದು ಕೆಂಡದಂತೆ ಒಳಗಿನಿಂದ ಹೊಳೆಯುತ್ತದೆ, ಪಕ್ಕದ ಕಪ್ಪು ಕಲ್ಲು ಹಾಗೇ ಮಂಕಾಗಿರುತ್ತದೆ. ಒಳಗೆ ಫೋಟೊ ತೆಗೆಯುವಂತಿಲ್ಲ, ಕಣ್ತುಂಬ ನೋಡಿ ಬನ್ನಿ.

ಒಳಗೆ ಕಾಣುವುದು ಮೇಲಿನ ಪ್ರತಿಕೃತಿ ಗೋರಿಗಳು, ನಿಜವಾದವು ಕೆಳಗಿನ ನೆಲಮಾಳಿಗೆಯಲ್ಲಿವೆ. ಮುಮ್ತಾಜಳ ಗೋರಿ ಕಟ್ಟಡದ ನಟ್ಟನಡುವೆ ಇದೆ. ಷಾಜಹಾನನದು ಪಕ್ಕಕ್ಕೆ, ಆಮೇಲೆ ಸೇರಿಸಿದ್ದು. ಎಲ್ಲವೂ ಎಡ-ಬಲ ಸಮವಾಗಿರುವ ಆ ಕಟ್ಟಡದಲ್ಲಿ ಸಮತೋಲ ತಪ್ಪಿಸಿರುವುದು ಕಟ್ಟಿಸಿದವನ ಗೋರಿಯೇ. ಇದನ್ನು ಮಕ್ಕಳೇ ಕಂಡುಹಿಡಿಯಲಿ ಎಂದು ಬಿಡಿ.

ವಿಜಯಪುರ ನೋಡಿದ ಮಕ್ಕಳಾದರೆ ಒಂದು ಹೋಲಿಕೆ ಹೇಳಿ. ತಾಜ್‌ನ ಮುಖ್ಯ ಕಟ್ಟಡ ಮುಗಿದದ್ದು 1648ರಲ್ಲಿ, ಗೋಳಗುಮ್ಮಟ 1656ರಲ್ಲಿ. ಒಂದೇ ಕಾಲದಲ್ಲಿ ಉತ್ತರದಲ್ಲೊಬ್ಬ, ನಮ್ಮ ಕಡೆಯಲ್ಲೊಬ್ಬ ಗುಮ್ಮಟ ಕಟ್ಟಿಸುತ್ತಿದ್ದರು. ಅಂದವಾದದ್ದು ಅಲ್ಲಿಯದು, ಗಾತ್ರದಲ್ಲಿ ನಮ್ಮದೇ ದೊಡ್ಡದು.

ಹುಣ್ಣಿಮೆ ರಾತ್ರಿ ನೋಡಬಹುದಂತೆ, ಹೌದಾ?

ಹೌದು. ಹುಣ್ಣಿಮೆ, ಅದರ ಹಿಂದಿನ ಎರಡು, ಮುಂದಿನ ಎರಡು, ಒಟ್ಟು ಐದು ರಾತ್ರಿ. ಶುಕ್ರವಾರವೂ ರಂಜಾನ್ ತಿಂಗಳಲ್ಲೂ ಇಲ್ಲ. ಐವತ್ತು ಜನರ ತಂಡಗಳಾಗಿ ಅರ್ಧರ್ಧ ಗಂಟೆ ಬಿಡುತ್ತಾರೆ, ನೋಡುವುದು ದೂರದಿಂದ. ಸಣ್ಣ ಮಕ್ಕಳಿರುವವರಿಗೆ ಇದಕ್ಕಿಂತ ಮುಂಜಾನೆಯ ತಾಜ್ ಚೆನ್ನ.

ಶುಕ್ರವಾರವೇ ಆಗ್ರಾದಲ್ಲಿ ಸಿಕ್ಕಿಕೊಂಡಿದ್ದೇವೆ. ಏನು ಮಾಡುವುದು?

ಮೆಹತಾಬ್ ಬಾಗ್‌ಗೆ ಹೋಗಿ. ನದಿಯಾಚೆಯಿಂದ ತಾಜ್‌ನ ಬೆನ್ನು ಪೂರ್ತಿ ಕಾಣುತ್ತದೆ, ಜನಜಂಗುಳಿ ಇರುವುದಿಲ್ಲ. ನೂರ್‌ಜಹಾನ್ ತನ್ನ ತಂದೆಗೆ ಕಟ್ಟಿಸಿದ ಇತ್ಮಾದುದ್ದೌಲಾ ಸಮಾಧಿಯೂ ತೆರೆದಿರುತ್ತದೆ. ತಾಜ್‌ಗಿಂತ ಮೊದಲಿನದು, ಸಣ್ಣದು, ಕಲ್ಲಿನ ಹೂಗೆಲಸ ಕಣ್ಣಿನ ಮಟ್ಟದಲ್ಲೇ ಸಿಗುತ್ತದೆ. ಆಗ್ರಾ ಕೋಟೆಯಲ್ಲಿ ಮುಸಮ್ಮನ್ ಬುರ್ಜ್ ಎಂಬ ಗೋಪುರದ ಬಳಿ ಹೋಗಿ ನಿಲ್ಲಿ. ಮಗ ಔರಂಗಜೇಬ 1658ರಲ್ಲಿ ಕೋಟೆಯಲ್ಲಿ ಸೆರೆಯಿಟ್ಟ ಮೇಲೆ ಷಾಜಹಾನ್ 1666ರಲ್ಲಿ ಸಾಯುವವರೆಗೆ ಅಲ್ಲೇ ಇದ್ದ, ಅಲ್ಲಿಂದ ತಾಜ್ ನೇರ ಕಾಣುತ್ತದೆ.

ಆಗ್ರಾ ಕೋಟೆ, ಕೆಂಪುಕೋಟೆ ಎರಡೂ ನೋಡಬೇಕಾ?

ಹಿರಿಯರಿಗೆ ಒಂದೇ ಕೋಟೆಯ ನಡಿಗೆ ಸಾಧ್ಯ ಎಂದಾದರೆ ಆಗ್ರಾ ಕೋಟೆಯನ್ನು ಆರಿಸಿ. ಅರಮನೆಗಳು ಅಲ್ಲಿ ಚೆನ್ನಾಗಿ ಉಳಿದಿವೆ. ದೆಹಲಿಯ ಕೆಂಪುಕೋಟೆಯೊಳಗಿನ ಬಹುಪಾಲು ಮೊಗಲ್ ಕಟ್ಟಡಗಳನ್ನು 1857ರ ನಂತರ ಬ್ರಿಟಿಷರು ಕೆಡವಿ ಬ್ಯಾರಕ್ ಕಟ್ಟಿದರು. ಆದರೆ ಆ ಬ್ಯಾರಕ್‌ಗಳಲ್ಲೇ ಈಗ ಸುಭಾಷ್‌ಚಂದ್ರ ಬೋಸ್ ಮತ್ತು ಆಜಾದ್ ಹಿಂದ್ ಫೌಜ್ ಕುರಿತ ಸಂಗ್ರಹಾಲಯ ಇದೆ. ಹೈಸ್ಕೂಲ್ ಮಕ್ಕಳಿದ್ದರೆ ಅದಕ್ಕಾಗಿಯೇ ಹೋಗಬೇಕು: ಬಹಾದುರ್ ಷಾ ಜಫರ್‌ನ ವಿಚಾರಣೆಯೂ ಆಜಾದ್ ಹಿಂದ್ ಫೌಜಿನ ಅಧಿಕಾರಿಗಳ ವಿಚಾರಣೆಯೂ ನಡೆದದ್ದು ಇದೇ ಕೋಟೆಯಲ್ಲಿ.

ಕುತುಬ್ ಮಿನಾರ್ ಮೇಲೆ ಹತ್ತಬಹುದೇ?

ಇಲ್ಲ. 1981ರ ಡಿಸೆಂಬರಿನಲ್ಲಿ ಒಳಗಿನ ಮೆಟ್ಟಿಲಲ್ಲಿ ನೂಕುನುಗ್ಗಲಾಗಿ ಅನೇಕರು, ಹೆಚ್ಚಾಗಿ ಶಾಲಾ ಮಕ್ಕಳು, ಸತ್ತರು. ಅಂದಿನಿಂದ ಒಳಗೆ ಬಿಡುವುದಿಲ್ಲ. ಸುಮಾರು 73 ಮೀಟರ್ ಎತ್ತರವನ್ನು ಕೆಳಗಿನಿಂದಲೇ ನೋಡಬೇಕು.

ಮಿನಾರನ್ನು ನೋಡಿ ಹೊರಟುಬಿಡಬೇಡಿ. ಆವರಣದಲ್ಲಿ ಅದಕ್ಕಿಂತ ಸ್ವಾರಸ್ಯದ್ದು ಎರಡಿವೆ. ಮೊದಲನೆಯದು ಮಸೀದಿಯ ಕಂಬಸಾಲು. ಹಳೆಯ ದೇವಾಲಯಗಳ ಕಂಬಗಳನ್ನು ಒಂದರ ಮೇಲೊಂದು ಪೇರಿಸಿ ಕಟ್ಟಿದ್ದು. ಸರಪಳಿಯಲ್ಲಿ ತೂಗುವ ಗಂಟೆ, ಪೂರ್ಣಕುಂಭ, ಹೂಬಳ್ಳಿಗಳು ಕಂಬಕಂಬದಲ್ಲೂ ಇವೆ. ನಮ್ಮ ದೇವಸ್ಥಾನಗಳ ಕಂಬ ನೋಡಿ ಬೆಳೆದ ಮಕ್ಕಳು ತಟ್ಟನೆ ಗುರುತಿಸುತ್ತಾರೆ.

ಎರಡನೆಯದು ಕಮಾನು. ಮಸೀದಿಯ ಮುಂದಿನ ಎತ್ತರದ ಕಮಾನಿನ ಕಲ್ಲುಗಳನ್ನು ಗಮನಿಸಿ: ಅಡ್ಡಡ್ಡ ಮಲಗಿಸಿ, ಒಂದೊಂದೇ ವರಸೆ ಮುಂದಕ್ಕೆ ಚಾಚಿ ಕೂಡಿಸಿದ್ದಾರೆ. ಅಲ್ಲಿಂದ ಕೆಲವೇ ಹೆಜ್ಜೆ ದೂರದ, 1311ರ ಅಲಾಯ್ ದರ್ವಾಜಾದಲ್ಲಿ ಕಲ್ಲುಗಳು ಬೀಸಣಿಗೆಯ ಕಡ್ಡಿಗಳಂತೆ ಓರೆಯಾಗಿ ಕೂತು ನಡುಗಲ್ಲಿಗೆ ಒತ್ತು ಕೊಡುತ್ತವೆ. ನೂರು ಚಿಲ್ಲರೆ ವರ್ಷದಲ್ಲಿ ಇಲ್ಲಿನ ಕಲ್ಲುಕುಟಿಗರು ಕಲಿತ ಹೊಸ ವಿದ್ಯೆ ಎರಡು ಗೋಡೆಗಳ ನಡುವೆ ಕಾಣುತ್ತದೆ.

ಕಬ್ಬಿಣದ ಕಂಬಕ್ಕೆ ಈಗ ಬೇಲಿಯಿದೆ, ತಬ್ಬಿಕೊಳ್ಳಲು ಬಿಡುವುದಿಲ್ಲ. ಆರು ಟನ್ನಿಗೂ ಹೆಚ್ಚು ತೂಕದ ಅದು ತುಕ್ಕು ತಿನ್ನದಿರಲು ಮುಖ್ಯ ಕಾರಣ ಆ ಕಬ್ಬಿಣದಲ್ಲಿರುವ ರಂಜಕ. ಅದು ಮೇಲ್ಮೈಯಲ್ಲಿ ತೆಳು ರಕ್ಷಾಪದರ ಕಟ್ಟುತ್ತದೆ.

ಮೆಟ್ರೋ ನಿಲ್ದಾಣದ ಹೆಸರು ಕುತುಬ್ ಮಿನಾರ್ ಎಂದಿದ್ದರೂ ಅಲ್ಲಿಂದ ಸ್ಮಾರಕಕ್ಕೆ ಒಂದೂವರೆ ಕಿಲೋಮೀಟರಿಗೂ ಹೆಚ್ಚು ದೂರ. ಆಟೋ ಹಿಡಿಯಿರಿ.

ಅಶೋಕನ ಕಂಬ ದೆಹಲಿಯಲ್ಲಿ ಎಲ್ಲಿದೆ?

ಫಿರೋಜ್ ಷಾ ಕೋಟ್ಲಾದಲ್ಲಿ. ಪ್ಯಾಕೇಜಿನವರು ಅಲ್ಲಿಗೆ ಕರೆದೊಯ್ಯುವುದಿಲ್ಲ, ಆದರೆ ಕನ್ನಡಿಗರು ನೋಡಲೇಬೇಕು. ಫಿರೋಜ್ ಷಾ ತುಘಲಕ್ ಹದಿನಾಲ್ಕನೇ ಶತಮಾನದಲ್ಲಿ ಈಗಿನ ಹರಿಯಾಣದ ಟೋಪ್ರಾದಿಂದ ಯಮುನೆಯಲ್ಲಿ ದೋಣಿ ಮೇಲೆ ತರಿಸಿದ ಕಂಬ ಅದು. ಅದರ ಬ್ರಾಹ್ಮಿ ಲಿಪಿಯನ್ನು ಬ್ರಿಟಿಷ್ ವಿದ್ವಾಂಸ ಜೇಮ್ಸ್ ಪ್ರಿನ್ಸೆಪ್ 1837ರಲ್ಲಿ ಓದಿದಾಗ ಸಿಕ್ಕ ಹೆಸರು ದೇವಾನಾಂಪ್ರಿಯ ಪ್ರಿಯದರ್ಶಿ ಎಂದಷ್ಟೆ. ಆ ದೇವಾನಾಂಪ್ರಿಯನೇ ಅಶೋಕ ಎಂದು ಶಾಸನದಿಂದಲೇ ಖಚಿತವಾದದ್ದು 1915ರಲ್ಲಿ, ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಸಿಕ್ಕ ಬಂಡೆಗಲ್ಲಿನಿಂದ.

ಮಕ್ಕಳಿಗೆ ಕೋಟೆ-ಗೋರಿ ಸಾಕಾಯಿತು. ಬೇರೇನಿದೆ?

ಚಾಣಕ್ಯಪುರಿಯ ರೈಲು ಮ್ಯೂಸಿಯಂ. ಹಳೆಯ ಉಗಿ ಎಂಜಿನ್‌ಗಳು, ಪಟಿಯಾಲದ ಮೋನೋರೈಲು, ಮಕ್ಕಳು ಕೂತು ಸುತ್ತುವ ಪುಟ್ಟ ರೈಲು, ಜೊತೆಗೆ ಮೈಸೂರು ಮಹಾರಾಜರ ಸಲೂನ್ ಬೋಗಿ. ಅರ್ಧ ದಿನ ಹೋದದ್ದೇ ಗೊತ್ತಾಗುವುದಿಲ್ಲ. ತೀನ್ ಮೂರ್ತಿಯ ಪ್ರಧಾನಮಂತ್ರಿ ಸಂಗ್ರಹಾಲಯ ಹೈಸ್ಕೂಲ್ ಮಕ್ಕಳಿಗೆ ಹಿಡಿಸುತ್ತದೆ, ಅಲ್ಲಿ ಎಚ್.ಡಿ. ದೇವೇಗೌಡರ ಅವಧಿಯ ವಿಭಾಗವೂ ಇದೆ. ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಮೊಹೆಂಜೊದಾರೊದ ನರ್ತಕಿಯನ್ನು ಹುಡುಕಲು ಹೇಳಿ. ಪಠ್ಯಪುಸ್ತಕದಲ್ಲಿ ದೊಡ್ಡದಾಗಿ ಕಾಣುವ ಆ ಕಂಚಿನ ಬೊಂಬೆ ನಿಜಕ್ಕೂ ಹತ್ತೂವರೆ ಸೆಂಟಿಮೀಟರ್, ಅಂಗೈಯಲ್ಲಿ ಕೂರುವಷ್ಟು.

ಅಕ್ಷರಧಾಮದಲ್ಲಿ ಮೊಬೈಲ್ ಬಿಡುವುದಿಲ್ಲವಂತೆ?

ಮೊಬೈಲ್, ಕ್ಯಾಮೆರಾ, ಸ್ಮಾರ್ಟ್‌ವಾಚ್, ಪವರ್ ಬ್ಯಾಂಕ್, ಚೀಲ ಯಾವುದೂ ಇಲ್ಲ. ಉಚಿತ ಠೇವಣಿ ಕೊಠಡಿ ಇದೆ, ಸಂಜೆ ಅಲ್ಲಿನ ಸಾಲೇ ದೊಡ್ಡದು. ಎಲ್ಲರ ಫೋನನ್ನೂ ಒಂದೇ ಚೀಲಕ್ಕೆ ಹಾಕಿ ಒಂದೇ ಟೋಕನ್ ಪಡೆಯಿರಿ. ಒಳಗೆ ಯಾರಾದರೂ ತಪ್ಪಿಸಿಕೊಂಡರೆ ಫೋನ್ ಮಾಡಲಾಗದು, ಆದ್ದರಿಂದ ಎಷ್ಟು ಹೊತ್ತಿಗೆ ಎಲ್ಲಿ ಸೇರುವುದು ಎಂದು ಮೊದಲೇ ಗೊತ್ತುಮಾಡಿಕೊಳ್ಳಿ. ನಾಲ್ಕು ಗಂಟೆಗೆ ಹೋಗಿ, ಕತ್ತಲಾದ ಮೇಲಿನ ನೀರಿನ ಪ್ರದರ್ಶನ ಮುಗಿಸಿ ಬರುವುದು ಸರಿಯಾದ ಹೊತ್ತು.

ಮೆಟ್ರೋದಲ್ಲಿ ಕುಟುಂಬ ಸಮೇತ ಓಡಾಡುವುದು ಸುಲಭವೇ?

ಸುಲಭ, ಬೆಳಗ್ಗೆ ಎಂಟೂವರೆಯಿಂದ ಹತ್ತೂವರೆ, ಸಂಜೆ ಐದೂವರೆಯಿಂದ ಎಂಟರವರೆಗಿನ ನೂಕಾಟ ಬಿಟ್ಟರೆ. ರಾಜೀವ್ ಚೌಕ್‌ನಲ್ಲಿ ಸಂಜೆ ಲೈನ್ ಬದಲಿಸುವಾಗ ಹಿರಿಯರ ಕೈ ಬಿಡಬೇಡಿ. ಮೊದಲ ಬೋಗಿ ಹೆಂಗಸರಿಗೆ ಮಾತ್ರ, ಗಂಡಸರು ಹತ್ತಿದರೆ ದಂಡ. ಮೂರಡಿಗಿಂತ ಕಡಿಮೆ ಎತ್ತರದ ಮಕ್ಕಳಿಗೆ ಟಿಕೆಟ್ ಇಲ್ಲ.

ಕೆಂಪುಕೋಟೆಗೆ ಲಾಲ್ ಕಿಲಾ, ಅಕ್ಷರಧಾಮಕ್ಕೆ ಅದೇ ಹೆಸರಿನ ನಿಲ್ದಾಣ, ಕಮಲ ಮಂದಿರಕ್ಕೆ ಕಾಲ್ಕಾಜಿ ಮಂದಿರ, ಕರ್ತವ್ಯ ಪಥಕ್ಕೆ ಸೆಂಟ್ರಲ್ ಸೆಕ್ರೆಟರಿಯೇಟ್. ವಿಮಾನ ನಿಲ್ದಾಣದ ಟರ್ಮಿನಲ್ 3ರಿಂದ ಏರ್‌ಪೋರ್ಟ್ ಎಕ್ಸ್‌ಪ್ರೆಸ್ ನೇರ ನವದೆಹಲಿ ರೈಲು ನಿಲ್ದಾಣಕ್ಕೆ. ಟರ್ಮಿನಲ್ 1 ಬೇರೆಯೇ ಕಡೆ ಇದೆ, ಮೆಜೆಂಟಾ ಲೈನಿನಲ್ಲಿ. ವಾಪಸಾಗುವ ದಿನ ಟಿಕೆಟ್ಟಿನಲ್ಲಿ ಯಾವ ಟರ್ಮಿನಲ್ ಎಂದು ಎರಡು ಸಲ ನೋಡಿ.

ಆರು ಜನ ಸೇರಿ ನಾಲ್ಕೈದು ಜಾಗ ಸುತ್ತುವ ದಿನ ಮಾತ್ರ ದೊಡ್ಡ ಕಾರು ಒಳ್ಳೆಯದು. ಅಲ್ಲಿ ಬಾಡಿಗೆ 8 ಗಂಟೆ, 80 ಕಿಲೋಮೀಟರ್ ಲೆಕ್ಕ. ಗಾಡಿ ಗ್ಯಾರೇಜಿನಿಂದ ಹೊರಟಾಗ ಶುರುವೋ, ನಿಮ್ಮ ಹೋಟೆಲಿನಿಂದಲೋ ಎಂದು ಕೇಳಿ.

ಎಲ್ಲಿ ಉಳಿಯುವುದು? ಕರ್ನಾಟಕ ಭವನದಲ್ಲಿ ರೂಮ್ ಸಿಗುತ್ತದೆಯೇ?

ಮೆಟ್ರೋ ಹತ್ತಿರ, ರಾತ್ರಿ ಊಟಕ್ಕೆ ದೂರ ಹೋಗಬೇಕಿಲ್ಲ ಎಂಬ ಎರಡು ಕಾರಣಕ್ಕೆ ಕರೋಲ್ ಬಾಗ್ ಕುಟುಂಬಗಳಿಗೆ ಹೊಂದುತ್ತದೆ. ಪಹಾಡ್‌ಗಂಜ್ ಅಗ್ಗ, ಸ್ಟೇಷನ್ನಿಗೆ ಹತ್ತಿರ, ಆದರೆ ಗಲ್ಲಿಗಳು ಇಕ್ಕಟ್ಟು. ಲಿಫ್ಟ್ ಇದೆಯೇ, ಕಿಟಕಿ ಇದೆಯೇ ಎಂದು ಕೇಳಿಯೇ ರೂಮ್ ಮಾಡಿ, ಫೋಟೊ ನಂಬಬೇಡಿ. ಕರ್ನಾಟಕ ಭವನದ ಕೊಠಡಿಗಳಿಗೆ ಜನಪ್ರತಿನಿಧಿಗಳು, ಅಧಿಕಾರಿಗಳು ಮೊದಲು, ಉಳಿದರೆ ಸಾರ್ವಜನಿಕರಿಗೆ. ಅದನ್ನೇ ನಂಬಿ ಹೊರಡಬೇಡಿ.

ಊಟಕ್ಕೆ ಏನು ಮಾಡುವುದು? ಅಪ್ಪನಿಗೆ ಅನ್ನ ಬೇಕೇ ಬೇಕು.

ದಕ್ಷಿಣದ ಊಟ ದೆಹಲಿಯಲ್ಲಿ ಧಾರಾಳ. ಕನಾಟ್ ಪ್ಲೇಸ್, ಕರೋಲ್ ಬಾಗ್‌ಗಳಲ್ಲಿ ಇಡ್ಲಿ-ದೋಸೆ ಹೋಟೆಲುಗಳಿವೆ. ಇಂಡಿಯಾ ಗೇಟ್ ಹತ್ತಿರದ ಆಂಧ್ರ ಭವನದ ಕ್ಯಾಂಟೀನಿನಲ್ಲಿ ಅನ್ನ, ಪಪ್ಪು, ಸಾರು ಕೇಳಿದಷ್ಟು ಬಡಿಸುತ್ತಾರೆ. ಮಧ್ಯಾಹ್ನ ಒಂದರ ಮೇಲೆ ಹೋದರೆ ಸಾಲಿನಲ್ಲಿ ನಿಲ್ಲಬೇಕು, ಹನ್ನೆರಡೂವರೆಗೇ ಹೋಗಿ. ಆಗ್ರಾದಲ್ಲಿ ಅನ್ನ-ಸಾರು ಕಷ್ಟ, ಅಲ್ಲಿ ದಾಲ್-ಚಾವಲ್ ಕೇಳಿ. ಉತ್ತರದ ಮೊಸರು ತುಸು ಸಿಹಿ ಎನಿಸಬಹುದು. ಉಪ್ಪಿನಕಾಯಿ, ಚಟ್ನಿಪುಡಿ ಡಬ್ಬಿ ಊರಿಂದಲೇ ಒಯ್ಯಿರಿ, ಹಿರಿಯರ ಊಟ ಅದರಿಂದಲೇ ಸಾಗುತ್ತದೆ. ಚಾಂದನಿ ಚೌಕದಲ್ಲಿ ಬಿಸಿಬಿಸಿ ಕರಿದ ಪರಾಠಾ, ಜಿಲೇಬಿ ತಿನ್ನಿ. ಚಟ್ನಿನೀರು, ಕತ್ತರಿಸಿಟ್ಟ ಹಣ್ಣು ಮಕ್ಕಳಿಗೆ ಬೇಡ.

ಮಂಡಿನೋವಿರುವವರಿಗೆ ಯಾವ ಜಾಗ ಕಷ್ಟ?

ಹುಮಾಯೂನನ ಸಮಾಧಿಯ ಜಗುಲಿಗೆ ಹತ್ತುವ ಮೆಟ್ಟಿಲು ಕಡಿದು, ಒಂದೊಂದೂ ಎತ್ತರ. ಅವರು ಕೆಳಗಿನ ತೋಟದಲ್ಲೇ ಕೂರಲಿ, ಕಟ್ಟಡ ಅಲ್ಲಿಂದಲೇ ಅತ್ಯಂತ ಚೆನ್ನಾಗಿ ಕಾಣುವುದು. ಜಾಮಾ ಮಸೀದಿಗೂ ಮೆಟ್ಟಿಲು ಬಹಳ. ಫತೇಪುರ್ ಸಿಕ್ರಿಯ ಬುಲಂದ್ ದರ್ವಾಜಾ ಕಡೆಯ ಮೆಟ್ಟಿಲಂತೂ ಬೇಡವೇ ಬೇಡ. ಕುತುಬ್, ಯುದ್ಧ ಸ್ಮಾರಕ ಸಮತಟ್ಟು. ತಾಜ್, ಕೆಂಪುಕೋಟೆಗಳಲ್ಲಿ ಗಾಲಿಕುರ್ಚಿ ಸಿಗುತ್ತದೆ, ಗೇಟಿನಲ್ಲೇ ಕೇಳಿ, ಒಳಗೆ ಹೋದ ಮೇಲಲ್ಲ.

ಮೋಸ ಎಲ್ಲೆಲ್ಲಿ ನಡೆಯುತ್ತದೆ?

ನವದೆಹಲಿ ಸ್ಟೇಷನ್ನಿನ ಹೊರಗೆ: "ನಿಮ್ಮ ಟಿಕೆಟ್ ರದ್ದಾಗಿದೆ, ಆಫೀಸು ಆ ಕಡೆ", "ಆ ಹೋಟೆಲ್ ರಸ್ತೆ ಬಂದ್ ಆಗಿದೆ" ಎನ್ನುವವರು ಬರುತ್ತಾರೆ. ಚೆನ್ನಾಗಿ ಉಡುಪು ಹಾಕಿರುತ್ತಾರೆ, ಮೆತ್ತಗೆ ಮಾತಾಡುತ್ತಾರೆ. ನಿಲ್ಲಬೇಡಿ, ನಡೆಯುತ್ತಲೇ ಇರಿ. ಹೋಟೆಲಿಗೆ ನೀವೇ ಫೋನ್ ಮಾಡಿ, ಅವರು ಡಯಲ್ ಮಾಡಿಕೊಟ್ಟ ನಂಬರಿನಲ್ಲಿ ಮಾತಾಡಬೇಡಿ. ಆಟೋಗೆ ಪ್ರೀಪೇಯ್ಡ್ ಬೂತು ಅಥವಾ ಆ್ಯಪ್.

ಆಗ್ರಾದಲ್ಲಿ: ಅಗ್ಗದ ಆಟೋದವರು ಅಮೃತಶಿಲೆಯ ಅಂಗಡಿಗೆ ಕರೆದೊಯ್ಯುತ್ತಾರೆ, ಕಮಿಷನ್ ಅಲ್ಲಿ. ಅಮೃತಶಿಲೆ ಎಂದು ಮಾರುವುದರಲ್ಲಿ ಬಳಪದ ಕಲ್ಲು ಬಹಳ. ಉಗುರಿನಿಂದ ತಳಭಾಗ ಗೀರಿ ನೋಡಿ, ಪುಡಿ ಎದ್ದರೆ ಅದು ಬಳಪದ ಕಲ್ಲು. ಗೈಡ್ ಬೇಕಾದರೆ ಸರ್ಕಾರದ ಗುರುತಿನ ಚೀಟಿ ನೋಡಿ, ದರವನ್ನೂ ಎಷ್ಟು ಹೊತ್ತು ಎಂಬುದನ್ನೂ ಮೊದಲೇ ಮಾತಾಡಿ, "ಅಂಗಡಿ ಬೇಡ" ಎಂದು ಸ್ಪಷ್ಟವಾಗಿ ಹೇಳಿ.

ಅಮೆರಿಕದಿಂದ ಬಂದ ಮಗ-ಸೊಸೆಗೂ ವಿದೇಶಿಯರ ದರವೇ?

ಭಾರತದ ಪಾಸ್‌ಪೋರ್ಟ್ ಇದ್ದರೆ ಭಾರತೀಯರ ದರ. ಒಸಿಐ ಕಾರ್ಡ್ (ಬೇರೆ ದೇಶದ ಪೌರರಾದ ಭಾರತ ಮೂಲದವರ ಕಾರ್ಡ್) ಇದ್ದವರಿಗೂ ರಾಷ್ಟ್ರೀಯ ಸ್ಮಾರಕಗಳಲ್ಲಿ ಭಾರತೀಯರ ದರವೇ ಎಂದು 2021ರ ಅಧಿಸೂಚನೆ ಹೇಳುತ್ತದೆ. ಕಾರ್ಡಿನ ಫೋಟೊ ಸಾಲದು, ಅಸಲು ಕಾರ್ಡನ್ನೇ ಒಯ್ಯಲಿ.

ಒಂದು ಮಾದರಿ ವೇಳಾಪಟ್ಟಿ ಕೊಡಿ.

ಗುರುವಾರ ಸಂಜೆ ಬೆಂಗಳೂರು ಬಿಡಿ. ಶನಿವಾರ ಬೆಳಗ್ಗೆ ಆಗ್ರಾ, ವಿಶ್ರಾಂತಿ, ಮಧ್ಯಾಹ್ನದ ಮೇಲೆ ಕೋಟೆ ಮತ್ತು ಮೆಹತಾಬ್ ಬಾಗ್. ಭಾನುವಾರ ಮುಂಜಾನೆ ತಾಜ್, ಸಂಜೆ ದೆಹಲಿಗೆ. ಸೋಮವಾರ ಕುತುಬ್, ಸಂಜೆ ಹುಮಾಯೂನನ ಸಮಾಧಿ. ಮಂಗಳವಾರ ಕೆಂಪುಕೋಟೆ, ಚಾಂದನಿ ಚೌಕ, ಸಂಜೆ ಇಂಡಿಯಾ ಗೇಟ್ ಮತ್ತು ಯುದ್ಧ ಸ್ಮಾರಕ. ಬುಧವಾರ ರೈಲು ಮ್ಯೂಸಿಯಂ, ಸಂಜೆ ಅಕ್ಷರಧಾಮ. ಗುರುವಾರ ಬಿಟ್ಟುಹೋದದ್ದು ಮತ್ತು ಖರೀದಿ, ರಾತ್ರಿ ರೈಲು. ಶನಿವಾರ ಮಧ್ಯಾಹ್ನ ಬೆಂಗಳೂರು, ಭಾನುವಾರ ಬಟ್ಟೆ ಒಗೆದು ನಿದ್ದೆ ಮಾಡಲು ಕೈಯಲ್ಲಿರುತ್ತದೆ.

ಜನಜಂಗುಳಿಯಲ್ಲಿ ಮಗು ತಪ್ಪಿಸಿಕೊಂಡರೆ?

ಚಾಂದನಿ ಚೌಕ, ಸ್ಟೇಷನ್ನು, ಅಕ್ಷರಧಾಮ ಮೂರೂ ಕಡೆ ಈ ಭಯ ಇದ್ದದ್ದೇ. ಹೊರಡುವ ದಿನವೇ ಮಗುವಿನ ಜೇಬಿನಲ್ಲಿ ಒಂದು ಚೀಟಿ ಇಡಿ: ಅಪ್ಪ-ಅಮ್ಮ ಇಬ್ಬರ ಫೋನ್ ನಂಬರ್, ಹೋಟೆಲಿನ ಹೆಸರು, ಹಿಂದಿ ಮತ್ತು ಇಂಗ್ಲಿಷಿನಲ್ಲಿ. ಕನ್ನಡ ಮಾತ್ರ ಬರುವ ಮಗುವಾದರೆ ಇದು ಇನ್ನೂ ಅಗತ್ಯ. ಪ್ರತಿದಿನ ಬೆಳಗ್ಗೆ ಹಾಕಿದ ಬಟ್ಟೆಯಲ್ಲೇ ಮಗುವಿನ ಒಂದು ಫೋಟೊ ತೆಗೆದಿಡಿ, ಪೊಲೀಸರಿಗೆ ತೋರಿಸಲು ಅದೇ ಬೇಕಾಗುತ್ತದೆ. "ತಪ್ಪಿಸಿಕೊಂಡರೆ ಹುಡುಕಿಕೊಂಡು ಓಡಬೇಡ, ನಿಂತಲ್ಲೇ ನಿಲ್ಲು, ಪೊಲೀಸ್ ಅಥವಾ ಮಕ್ಕಳಿರುವ ಹೆಂಗಸರಿಗೆ ಚೀಟಿ ತೋರಿಸು" ಎಂದು ಹೇಳಿಕೊಡಿ. ನೀವು ಕೂಡಲೇ 112ಕ್ಕೆ, ರೈಲು ಅಥವಾ ಸ್ಟೇಷನ್ನಿನಲ್ಲಾದರೆ 139ಕ್ಕೆ ಕರೆ ಮಾಡಿ. ಒಬ್ಬರು ಮಗುವನ್ನು ಕೊನೆಯ ಸಲ ಕಂಡ ಜಾಗ ಬಿಟ್ಟು ಕದಲಬಾರದು, ಇನ್ನೊಬ್ಬರು ಮಾತ್ರ ಹುಡುಕಲು ಹೋಗಲಿ.